ರೋಬೋಟ್ ಗಣತಿ: ಯಾವುದನ್ನು ಎಣಿಸಬೇಕು, ಹೇಗೆ ಎಣಿಸಬೇಕು

2024ರ ಕೊನೆಗೆ ಜಗತ್ತಿನ ಕಾರ್ಖಾನೆಗಳಲ್ಲಿ ಸುಮಾರು 46.6 ಲಕ್ಷ ಔದ್ಯಮಿಕ ರೋಬೋಟ್‌ಗಳು ದುಡಿಯುತ್ತಿದ್ದವು ಎಂದು ಅಂತರರಾಷ್ಟ್ರೀಯ ರೋಬಾಟಿಕ್ಸ್ ಒಕ್ಕೂಟ ಅಂದಾಜು ಮಾಡಿದೆ. ಮನೆಯ ನೆಲ ಗುಡಿಸುವ ‘ರೂಂಬಾ’ ಯಂತ್ರಗಳನ್ನು 2002ರಲ್ಲಿ ಮಾರುಕಟ್ಟೆಗೆ ತಂದ ಐರೋಬೋಟ್ ಎಂಬ ಒಂದೇ ಕಂಪನಿ, ತಾನು ಮಾರಿದ ರೋಬೋಟ್‌ಗಳು 4 ಕೋಟಿಯನ್ನು ದಾಟಿವೆ ಎಂದು ಪ್ರಕಟಿಸಿದೆ. ಎರಡನೆಯ ಸಂಖ್ಯೆ ಮೊದಲನೆಯದರ ಎಂಟು ಪಟ್ಟಿಗಿಂತಲೂ ದೊಡ್ಡದು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದು ಈಗ ಕೆಲಸದಲ್ಲಿರುವ ಕಾರ್ಖಾನೆಯ ಯಂತ್ರಗಳ ಅಂದಾಜು. ಎರಡನೆಯದು ಈವರೆಗೆ ಮಾರಾಟವಾದ ಮನೆಬಳಕೆಯ ಯಂತ್ರಗಳ ಲೆಕ್ಕ.

ಹಾಗಾದರೆ ಜಗತ್ತಿನಲ್ಲಿ ಇರುವ ರೋಬೋಟ್‌ಗಳೆಷ್ಟು? ಉತ್ತರಿಸುವ ಮುನ್ನ ಎರಡು ತೀರ್ಮಾನಗಳಾಗಬೇಕು. ಯಾವ ಯಂತ್ರವನ್ನು ರೋಬೋಟ್ ಎನ್ನಬೇಕು ಎಂಬುದು ಒಂದು. ಮಾರಾಟವಾದ ಯಂತ್ರವನ್ನು ಯಾವಾಗ ಲೆಕ್ಕದಿಂದ ತೆಗೆಯಬೇಕು ಎಂಬುದು ಇನ್ನೊಂದು. ಈ ಎರಡನ್ನು ಜೊತೆಯಲ್ಲಿ ಹೇಳದ ಯಾವ ಅಂಕಿಯನ್ನೂ ನಂಬಲಾಗದು.

ಈ ಗಣತಿಯ ತೊಡಕುಗಳನ್ನು ಅರಿಯಲು ದೂರ ಹೋಗಬೇಕಿಲ್ಲ. ವಿಜಯನಗರ ಜಿಲ್ಲೆಯ ಕಮಲಾಪುರವನ್ನು ನಡುವಿಟ್ಟುಕೊಂಡರೆ ಉತ್ತರಕ್ಕೆ ಹಂಪಿ, ಪಶ್ಚಿಮಕ್ಕೆ ಹೊಸಪೇಟೆ ಮತ್ತು ತುಂಗಭದ್ರಾ ಅಣೆಕಟ್ಟೆ, ಈಶಾನ್ಯಕ್ಕೆ ಕಂಪ್ಲಿಯ ಭತ್ತದ ಸೀಮೆ, ದಕ್ಷಿಣಕ್ಕೆ ಸಂಡೂರಿನ ಗಣಿಗಳು, ಆಗ್ನೇಯಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇವೆ. ರೋಬೋಟ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಎಬ್ಬಿಸುವ ಹಲವು ಬಗೆಯ ಯಂತ್ರಗಳು ಈ ಒಂದೇ ಸೀಮೆಯಲ್ಲಿ ಸಿಗುತ್ತವೆ.

ರೋಬೋಟ್ ಎಂದರೇನು

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ, 8373 ಎಂಬ ಸಂಖ್ಯೆಯ ತನ್ನ ಮಾನಕದಲ್ಲಿ ರೋಬೋಟ್‌ನ ವ್ಯಾಖ್ಯೆಯನ್ನು ನೀಡಿದೆ. 2021ರಲ್ಲಿ ಪರಿಷ್ಕೃತವಾದ ಆ ವ್ಯಾಖ್ಯೆಯ ತಿರುಳು ಹೀಗಿದೆ: ಕ್ರಮವಿಧಿ ಅಂದರೆ ಪ್ರೋಗ್ರಾಂ ಅಳವಡಿಸಿದ, ಚಾಲಕಶಕ್ತಿ ಹೊಂದಿದ, ತಕ್ಕಮಟ್ಟಿನ ಸ್ವಾಯತ್ತತೆಯಿಂದ ಚಲಿಸುವ, ವಸ್ತುಗಳನ್ನು ನಿರ್ವಹಿಸುವ ಅಥವಾ ಸ್ಥಾನಕ್ಕೆ ತಂದು ನಿಲ್ಲಿಸುವ ಯಂತ್ರರಚನೆಯೇ ರೋಬೋಟ್. ಸ್ವಾಯತ್ತತೆ ಎಂದರೆ ಹೆಜ್ಜೆಹೆಜ್ಜೆಗೂ ಮನುಷ್ಯನ ಕೈ ಕಾಯದೆ, ಆಗಿನ ಸ್ಥಿತಿಯನ್ನು ಗ್ರಹಿಸಿ ಕೊಟ್ಟ ಕೆಲಸವನ್ನು ಮಾಡುವ ಸಾಮರ್ಥ್ಯ.

ಔದ್ಯಮಿಕ ರೋಬೋಟ್‌ನ ವ್ಯಾಖ್ಯೆ ಇದಕ್ಕಿಂತ ಬಿಗಿಯಾದುದು. ಅದು ತಾನಾಗಿ ನಿಯಂತ್ರಿತವಾಗಬೇಕು. ಬೇರೆ ಬೇರೆ ಕೆಲಸಗಳಿಗೆ ಒಗ್ಗುವಂತಿರಬೇಕು. ಯಂತ್ರದ ಅಂಗಾಂಗ ಬದಲಿಸದೆ ಹೊಸ ಕ್ರಮವಿಧಿಯನ್ನು ಬರೆದುಕೊಳ್ಳುವಂತಿರಬೇಕು. ಮೂರು ಅಥವಾ ಹೆಚ್ಚಿನ ಅಕ್ಷಗಳಲ್ಲಿ ಚಲಿಸಬೇಕು. ಅಕ್ಷ ಎಂದರೆ ಸ್ವತಂತ್ರವಾಗಿ ತಿರುಗುವ ಅಥವಾ ಸರಿಯುವ ಒಂದು ದಿಕ್ಕು. ಕಾರಿನ ಕವಚವನ್ನು ಬೆಸೆಯುವ ಸಾಮಾನ್ಯ ರೋಬೋಟ್ ತೋಳಿಗೆ ಆರು ಅಕ್ಷಗಳಿರುತ್ತವೆ. ಇಂದು ಬಾಗಿಲಿಗೆ ಬೆಸುಗೆ ಹಾಕಿದ ತೋಳು ನಾಳೆ ಬೇರೊಂದು ಉಪಕರಣ ಹಿಡಿದು ಬಣ್ಣ ಬಳಿಯಬಲ್ಲದು. ಈ ಬಹುಪಯೋಗಿ ಗುಣವೇ ಅದನ್ನು ಇತರ ಸ್ವಯಂಚಾಲಿತ ಯಂತ್ರಗಳಿಂದ ಬೇರ್ಪಡಿಸುತ್ತದೆ.

ಈ ವ್ಯಾಖ್ಯೆಗಳಲ್ಲಿ ಕಣ್ಣು, ಮುಖ, ಕಾಲುಗಳ ಮಾತೇ ಇಲ್ಲ. ಮನುಷ್ಯನ ಆಕೃತಿ ಇರುವುದೆಲ್ಲ ರೋಬೋಟ್ ಅಲ್ಲ. ರೋಬೋಟ್‌ಗಳಲ್ಲಿ ಬಹುಪಾಲು ಮನುಷ್ಯನನ್ನು ಹೋಲುವುದೂ ಇಲ್ಲ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಘಟಕದಲ್ಲಿ ಕೆಲಸಕ್ಕೆ ನಿಂತ ಮೊದಲ ಔದ್ಯಮಿಕ ರೋಬೋಟ್ ‘ಯೂನಿಮೇಟ್’ ಒಂದು ಭಾರವಾದ ಪೆಟ್ಟಿಗೆಯಿಂದ ಹೊರಚಾಚಿದ ತೋಳು, ಅಷ್ಟೆ. ಎರಕದ ಬಿಸಿ ಲೋಹದ ಭಾಗಗಳನ್ನು ಹೊರತೆಗೆಯುವುದು ಅದರ ಕೆಲಸವಾಗಿತ್ತು.

ಗಡಿಯಲ್ಲಿ ನಿಂತ ಯಂತ್ರಗಳು

ವ್ಯಾಖ್ಯೆಯ ಬೆಲೆ ತಿಳಿಯುವುದು ಅದನ್ನು ಎದುರಿಗಿರುವ ಯಂತ್ರಕ್ಕೆ ಹೊಂದಿಸಿ ನೋಡಿದಾಗ. ತುಂಗಭದ್ರಾ ಅಣೆಕಟ್ಟೆಯಲ್ಲಿ 33 ಕ್ರಸ್ಟ್ ಗೇಟುಗಳಿವೆ. ವಿದ್ಯುತ್ ಮೋಟಾರು ಸರಪಳಿಯನ್ನು ಎಳೆದು ಗೇಟನ್ನು ಎತ್ತುತ್ತದೆ, ಇಳಿಸುತ್ತದೆ. ಎಷ್ಟು ಎತ್ತಬೇಕೆಂದು ಒಳಹರಿವು ನೋಡಿ ನಿರ್ಧರಿಸುವವರು ಎಂಜಿನಿಯರರು. ಶಕ್ತಿ ಅಪಾರವಾದರೂ ಇಲ್ಲಿರುವುದು ಒಂದೇ ದಿಕ್ಕಿನ ಚಲನೆ. ಗೇಟು ರೋಬೋಟ್ ಅಲ್ಲ. ಆದರೆ ಎಣಿಕೆಯ ದೃಷ್ಟಿಯಿಂದ ಗೇಟುಗಳಲ್ಲಿ ಒಂದು ಅನುಕೂಲವಿದೆ: ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋದದ್ದು 19ನೆಯ ಗೇಟು ಎಂಬುದು ನಾಡಿಗೆಲ್ಲ ಗೊತ್ತಾಯಿತು. ಜಗತ್ತಿನ ರೋಬೋಟ್‌ಗಳಿಗೆ ಇಂಥ ಒಂದೇ ಸರಣಿಯ ಸಂಖ್ಯೆ ಇಲ್ಲ.

ಸಂಡೂರಿನ ಗಣಿ ಪ್ರದೇಶದಿಂದ ತೋರಣಗಲ್ಲಿನ ಕಾರ್ಖಾನೆಗೆ ಕಬ್ಬಿಣದ ಅದಿರು ಸಾಗಿಸುವ ಪೈಪ್ ಕನ್ವೇಯರ್ ಇದೆ. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ರಬ್ಬರ್ ಪಟ್ಟಿ ಕೊಳವೆಯಂತೆ ಸುತ್ತಿಕೊಂಡು, ಅದಿರನ್ನು ಒಡಲಲ್ಲಿಟ್ಟುಕೊಂಡು ಹರಿಯುತ್ತದೆ. ಲಾರಿಗಳ ಸಾಲನ್ನು ಕಡಿಮೆ ಮಾಡಿದ ಈ ವ್ಯವಸ್ಥೆ ಸ್ವಯಂಚಾಲಿತ. ಆದರೂ ಅದಿರು ಸಾಗಿಸುವುದನ್ನು ಬಿಟ್ಟು ಬೇರೆ ಕೆಲಸವನ್ನು ಅದಕ್ಕೆ ಕಲಿಸಲಾಗದು. ಸ್ವಯಂಚಾಲನೆ ಇದ್ದಲ್ಲೆಲ್ಲ ರೋಬೋಟ್ ಇರುತ್ತದೆ ಎಂದು ತಿಳಿಯುವುದೇ ಗಣತಿಯಲ್ಲಿ ಪದೇ ಪದೇ ಕಾಣುವ ತಪ್ಪು.

ನಿಜವಾದ ಬಿಕ್ಕಟ್ಟು ಅಕ್ಕಿ ಗಿರಣಿಯಲ್ಲಿದೆ. ತುಂಗಭದ್ರಾ ಅಚ್ಚುಕಟ್ಟಿನ ಸೀಮೆಯಲ್ಲಿ ‘ಸಾರ್ಟೆಕ್ಸ್ ಅಕ್ಕಿ’ ಎಂಬ ಮಾತನ್ನು ಕೇಳದವರಿಲ್ಲ. ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರದಿಂದ ಹೊರಬಂದ ಅಕ್ಕಿ ಅದು. ಯಂತ್ರದೊಳಗೆ ಅಕ್ಕಿ ಓರೆಯಾದ ಜಾಡುಗಳಲ್ಲಿ ಜಾರುತ್ತದೆ. ಕ್ಯಾಮೆರಾಗಳು ಬೀಳುತ್ತಿರುವ ಪ್ರತಿ ಕಾಳನ್ನೂ ನೋಡುತ್ತವೆ. ಕಪ್ಪಾದ, ಹಳದಿಯಾದ ಕಾಳು ಅಥವಾ ಕಲ್ಲು ಕಂಡರೆ ಸಣ್ಣ ನಳಿಕೆಯೊಂದು ಕ್ಷಣಮಾತ್ರ ಗಾಳಿ ಊದಿ ಅದನ್ನು ಆಚೆಗೆ ತಳ್ಳುತ್ತದೆ. ಗ್ರಹಿಕೆ, ನಿರ್ಣಯ, ಕ್ರಿಯೆ ಮೂರೂ ಇಲ್ಲಿವೆ. ಪ್ರತಿ ಕಾಳಿಗೂ ಬೇರೆ ಬೇರೆ ತೀರ್ಮಾನ ಮಾಡುವ ಈ ಯಂತ್ರ, ಒಂದೇ ಜಾಗಕ್ಕೆ ಸಾವಿರ ಸಲ ಬೆಸುಗೆ ಹಾಕುವ ತೋಳಿಗಿಂತ ಜಾಣ ಎಂದು ವಾದಿಸಬಹುದು. ಆದರೂ ಔದ್ಯಮಿಕ ರೋಬೋಟ್‌ಗಳ ಲೆಕ್ಕದಲ್ಲಿ ತೋಳಿಗೆ ಸ್ಥಾನವಿದೆ, ಸಾರ್ಟೆಕ್ಸ್‌ಗೆ ಇಲ್ಲ. ಮೂರು ಅಕ್ಷಗಳ ಚಲನೆ ಅದಕ್ಕಿಲ್ಲ, ಬೇರೆ ಕೆಲಸಕ್ಕೆ ಅದು ಒಗ್ಗುವುದೂ ಇಲ್ಲ. ರೋಬೋಟ್ ವ್ಯಾಖ್ಯೆ ಜಾಣತನದ ಅಳತೆಯಲ್ಲ, ಚಲನೆ ಮತ್ತು ಬಹುಪಯೋಗದ ಅಳತೆ.

ಭತ್ತದ ಗದ್ದೆಗಳ ಮೇಲೆ ಔಷಧಿ ಸಿಂಪಡಿಸುವ ಡ್ರೋನ್‌ಗಳದು ಮತ್ತೊಂದು ಬಗೆಯ ಗಡಿ. ಕೈಯಲ್ಲಿ ನಿಯಂತ್ರಕ ಹಿಡಿದು ಹಾರಿಸಿದಾಗ ಅದು ದೂರದಿಂದ ನಡೆಸುವ ವಾಹನ. ಗದ್ದೆಯ ಅಂಚುಗಳನ್ನು ನಕ್ಷೆಯಲ್ಲಿ ಗುರುತಿಸಿ ಬಿಟ್ಟಾಗ ಅದೇ ಡ್ರೋನ್ ಸಾಲು ಹಿಡಿದು ತಾನೇ ಹಾರಿ, ತಾನೇ ಮರಳುತ್ತದೆ. ಅಂದರೆ ಒಂದೇ ಯಂತ್ರ ಬೆಳಿಗ್ಗೆ ರೋಬೋಟ್ ಅಲ್ಲದೆ, ಮಧ್ಯಾಹ್ನ ರೋಬೋಟ್ ಆಗಬಹುದು. ಅಂತರರಾಷ್ಟ್ರೀಯ ಒಕ್ಕೂಟವು ದೂರನಿಯಂತ್ರಿತ ಡ್ರೋನ್, ಎಟಿಎಂ, ಬಟ್ಟೆ ಒಗೆಯುವ ಯಂತ್ರ, ಧ್ವನಿ ಸಹಾಯಕ, ಚಾಲಕರಹಿತ ಕಾರು, ಗಣಕದೊಳಗೆ ಮಾತ್ರ ಓಡುವ ತಂತ್ರಾಂಶ ಇವುಗಳನ್ನು ರೋಬೋಟ್ ಎಂದು ಪರಿಗಣಿಸುವುದಿಲ್ಲ. ವಿಶೇಷವೆಂದರೆ, ರೋಬೋಟ್ ಪಟ್ಟಿಗೆ ಸೇರದ ಡ್ರೋನ್‌ಗೆ ಭಾರತದಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ ನೋಂದಣಿಯೂ ವಿಶಿಷ್ಟ ಗುರುತಿನ ಸಂಖ್ಯೆಯೂ ಉಂಟು. ಪಟ್ಟಿಗೆ ಸೇರಿದ ಕಾರ್ಖಾನೆಯ ತೋಳಿಗೆ ಅಂಥ ನೋಂದಣಿಯಿಲ್ಲ.

ಕೊನೆಯದಾಗಿ ಆನೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಲಕ್ಷ್ಮಿ ಎಂಬ ಜೀವಂತ ಆನೆಯಿದೆ. ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಾಲಯಕ್ಕೆ 2023ರಲ್ಲಿ ಬಂದದ್ದು ಕಬ್ಬಿಣದ ಚೌಕಟ್ಟು ಮತ್ತು ರಬ್ಬರಿನ ಆನೆ. ಅದೇ ವರ್ಷ ಮೈಸೂರು ಸೀಮೆಯ ಸುತ್ತೂರು ಮಠಕ್ಕೂ ‘ಶಿವ’ ಎಂಬ ಯಾಂತ್ರಿಕ ಆನೆ ಬಂತು. ಪ್ರಾಣಿಗಳನ್ನು ಸಂಕೋಲೆಯಿಂದ ಬಿಡಿಸುವ ಈ ಪ್ರಯತ್ನ ಗೌರವಕ್ಕೆ ಅರ್ಹ. ಪತ್ರಿಕೆಗಳು ಇವನ್ನು ‘ರೋಬೋ ಆನೆ’ ಎಂದವು. ಮೋಟಾರುಗಳು ಕಿವಿ, ಬಾಲ, ಸೊಂಡಿಲುಗಳನ್ನು ಗೊತ್ತಾದ ರೀತಿಯಲ್ಲಿ ಆಡಿಸುತ್ತವೆ. ಗುಂಡಿ ಒತ್ತಿದರೆ ಸೊಂಡಿಲು ನೀರು ಚಿಮ್ಮುತ್ತದೆ. ಸುತ್ತಲಿನದನ್ನು ಗ್ರಹಿಸಿ ನಡೆ ಬದಲಿಸುವ ಗುಣ ಇವಕ್ಕಿಲ್ಲ. ಐಎಸ್‌ಒ ವ್ಯಾಖ್ಯೆಯನ್ನು ಕಟ್ಟುನಿಟ್ಟಾಗಿ ಹಿಡಿದರೆ ಇವು ಚಲಿಸುವ ಪ್ರತಿಮೆಗಳು. ಪತ್ರಿಕೆಗಳ ತುಣುಕುಗಳಿಂದ ರೋಬೋಟ್‌ಗಳನ್ನು ಎಣಿಸಹೊರಟವರ ಪಟ್ಟಿಗೆ ಮಾತ್ರ ಇವು ಖಂಡಿತ ಸೇರುತ್ತವೆ.

‘ಒಂದು’ ಎಂದರೆ ಯಾವುದು

ಎಣಿಕೆಗೆ ಏಕಮಾನ ಬೇಕು. ಈ ತೊಡಕನ್ನು ಹಂಪಿ ಚೆನ್ನಾಗಿ ತಿಳಿಸಿಕೊಡುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳು ಉಳಿದಿವೆ ಎಂದು ಯುನೆಸ್ಕೋ ಹೇಳುತ್ತದೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇಲ್ಲಿನವು ನೂರನ್ನೂ ಮುಟ್ಟುವುದಿಲ್ಲ. ವಿಠ್ಠಲ ದೇವಾಲಯದ ಆವರಣದಲ್ಲಿ ಗರ್ಭಗುಡಿ, ಕಲ್ಯಾಣಮಂಟಪ, ಕಲ್ಲಿನ ರಥ, ಗೋಪುರಗಳಿವೆ. ಆವರಣ ಒಂದು ಎನ್ನುವವರಿಗೆ ಒಂದು, ಕಟ್ಟಡ ಎಣಿಸುವವರಿಗೆ ಹಲವು.

ರೋಬೋಟ್‌ಗಳಲ್ಲೂ ಹೀಗೆಯೇ. ಎರಡು ತೋಳುಗಳ ಜೋಡಣಾ ಯಂತ್ರವನ್ನು ತಯಾರಕರು ಒಂದು ರೋಬೋಟ್ ಎಂದು ಮಾರುತ್ತಾರೆ. ಒಂದು ಬೆಸುಗೆ ಅಂಕಣದಲ್ಲಿ ಆರು ತೋಳುಗಳು ಒಂದೇ ಕಾರನ್ನು ಸುತ್ತುವರಿದರೆ ಅವು ಆರು. ಚಕ್ರದ ಗಾಡಿಯ ಮೇಲೆ ತೋಳನ್ನು ಕೂರಿಸಿದರೆ ಒಂದೋ ಎರಡೋ ಎಂಬುದು ಅವನ್ನು ಒಟ್ಟಿಗೆ ಕೊಂಡರೋ ಬೇರೆ ಬೇರೆ ಕೊಂಡರೋ ಎಂಬುದನ್ನು ಅವಲಂಬಿಸಿದೆ. ಮಾರಾಟದ ಲೆಕ್ಕದಲ್ಲಿ ಸಾಮಾನ್ಯವಾಗಿ ತೋಳೂ ಅದರ ನಿಯಂತ್ರಕ ಪೆಟ್ಟಿಗೆಯೂ ಸೇರಿ ಒಂದು ಎನಿಸಿಕೊಳ್ಳುತ್ತವೆ. ಗಣತಿಗೆ ಹೊರಡುವವರು ಇದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಎಣಿಸುತ್ತ ಎಣಿಸುತ್ತ ನಿಯಮ ಬದಲಾದರೆ ಒಂದು ಕಾರ್ಖಾನೆಯ ಅಂಕಿಯನ್ನು ಇನ್ನೊಂದಕ್ಕೆ ಕೂಡಿಸಲಾಗದು.

ಎಣಿಸುವವರು ಯಾರು

ಜಗತ್ತಿನ ರೋಬೋಟ್ ಅಂಕಿಗಳಿಗೆ ಮುಖ್ಯ ಆಕರ 1987ರಲ್ಲಿ ಸ್ಥಾಪನೆಯಾದ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ರೋಬಾಟಿಕ್ಸ್ ಒಕ್ಕೂಟ. ಅದು ಕಾರ್ಖಾನೆಗಳ ಒಳಹೊಕ್ಕು ಎಣಿಸುವುದಿಲ್ಲ. ತಯಾರಕರು ಮತ್ತು ಆಯಾ ದೇಶದ ರೋಬೋಟ್ ಸಂಘಗಳು ಕೊಡುವ ಮಾರಾಟದ ವಿವರಗಳನ್ನು ಕೂಡಿಸುತ್ತದೆ. ಮಾರಾಟ ಮಾಡದೆ ತಾವೇ ತಯಾರಿಸಿ ತಾವೇ ಬಳಸುವ ಕಂಪನಿಗಳ ರೋಬೋಟ್‌ಗಳು ಈ ಬಗೆಯ ಲೆಕ್ಕದಿಂದ ಸುಲಭವಾಗಿ ಜಾರಿಹೋಗುತ್ತವೆ. ಇದು ಸಣ್ಣ ಸೋರಿಕೆಯಲ್ಲ: ಅಮೆಜಾನ್ ಕಂಪನಿ ತನ್ನ ಉಗ್ರಾಣಗಳಲ್ಲಿ 10 ಲಕ್ಷನೆಯ ರೋಬೋಟನ್ನು ನಿಯೋಜಿಸಿದೆ ಎಂದು 2025ರಲ್ಲಿ ಪ್ರಕಟಿಸಿತು. ಅವುಗಳಲ್ಲಿ ಬಹುತೇಕ ಸರಕಿನ ಕಪಾಟುಗಳನ್ನು ಹೊತ್ತು ಓಡಾಡುವ ಗಾಡಿಗಳು. ಇಂಥವು ಔದ್ಯಮಿಕ ರೋಬೋಟ್‌ಗಳಿಂದ ಬೇರೆಯಾದ ‘ಸೇವಾ ರೋಬೋಟ್’ ವರ್ಗಕ್ಕೆ ಸೇರುವುದರಿಂದ ಮೇಲೆ ಹೇಳಿದ 46.6 ಲಕ್ಷದ ಒಳಗಿಲ್ಲ.

ವ್ಯಾಖ್ಯೆಯ ಭಿನ್ನತೆ ಇತಿಹಾಸದಲ್ಲೂ ಗೊಂದಲ ಎಬ್ಬಿಸಿದೆ. ಅಮೆರಿಕದ ರೋಬೋಟ್ ಸಂಸ್ಥೆ 1979ರಲ್ಲಿ ಹೊಸ ಕ್ರಮವಿಧಿಗೆ ಒಗ್ಗುವ, ಹಲವು ಕೆಲಸ ಮಾಡುವ ಯಂತ್ರವನ್ನಷ್ಟೇ ರೋಬೋಟ್ ಎಂದಿತು. ಜಪಾನಿನ ಸಂಘ ಮನುಷ್ಯ ಕೈಯಾರೆ ನಡೆಸುವ ಎತ್ತುಗೈಗಳನ್ನೂ, ಒಂದೇ ಕ್ರಮವನ್ನು ಪುನರಾವರ್ತಿಸುವ ಸರಳ ಯಂತ್ರಗಳನ್ನೂ ತನ್ನ ವರ್ಗೀಕರಣದಲ್ಲಿ ಸೇರಿಸಿಕೊಂಡಿತ್ತು. 1980ರ ದಶಕದಲ್ಲಿ ಎರಡು ದೇಶಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟವರಿಗೆ ಜಪಾನಿನ ಮುನ್ನಡೆ ಇದ್ದದ್ದಕ್ಕಿಂತ ಬಹಳ ದೊಡ್ಡದಾಗಿ ಕಂಡಿತು. ಮುನ್ನಡೆ ನಿಜವಾಗಿತ್ತು, ಅದರ ಗಾತ್ರದಲ್ಲಿ ಒಂದು ಪಾಲು ವ್ಯಾಖ್ಯೆಯದು.

ಸುಂಕ ಇಲಾಖೆಯ ದಾಖಲೆಗಳೂ ಪೂರ್ಣ ಚಿತ್ರ ಕೊಡುವುದಿಲ್ಲ. ಅಂತರರಾಷ್ಟ್ರೀಯ ಸರಕು ಸಂಕೇತಗಳಲ್ಲಿ ಬೇರೆಡೆ ಹೆಸರಿಸದ ಔದ್ಯಮಿಕ ರೋಬೋಟ್‌ಗಳಿಗೆ 8479.50 ಎಂಬ ಸಂಖ್ಯೆಯಿದೆ. ಸರಕು ಎತ್ತಿಳಿಸುವ ರೋಬೋಟ್‌ಗಳಿಗೆ 2022ರಿಂದ 8428.70 ಎಂಬ ಪ್ರತ್ಯೇಕ ಸಂಖ್ಯೆ ಬಂದಿದೆ. ಬೆಸುಗೆಗೆಂದೇ ಬಂದವು ಬೆಸುಗೆ ಯಂತ್ರಗಳ ಅಧ್ಯಾಯದಲ್ಲಿ ಅಡಗಬಹುದು. ಒಂದೇ ಸಂಕೇತವನ್ನು ನೋಡಿ ಆಮದಾದ ರೋಬೋಟ್‌ಗಳ ಸಂಖ್ಯೆ ಹೇಳಿದರೆ ಅದು ಕಡಿಮೆಯೇ ಆಗುತ್ತದೆ.

ಕೆಲಸದಲ್ಲಿರುವವು ಎಷ್ಟು: ಆಯಸ್ಸಿನ ಲೆಕ್ಕ

ಮಾರಾಟದ ಅಂಕಿಯಿಂದ ಕೆಲಸದಲ್ಲಿರುವವುಗಳ ಅಂಕಿಗೆ ಬರಲು ಯಂತ್ರದ ಆಯಸ್ಸನ್ನು ಊಹಿಸಬೇಕು. ಒಕ್ಕೂಟದ ವಿಧಾನ ಸರಳ: ಪ್ರತಿ ರೋಬೋಟ್ 12 ವರ್ಷ ದುಡಿಯುತ್ತದೆ, ಆ ಬಳಿಕ ಒಮ್ಮೆಲೇ ನಿವೃತ್ತವಾಗುತ್ತದೆ. ಹೀಗಾಗಿ ಕಳೆದ 12 ವರ್ಷಗಳ ಮಾರಾಟವನ್ನು ಕೂಡಿಸಿದರೆ ಈಗಿನ ಸಂಖ್ಯೆ ಸಿಗುತ್ತದೆ. ಅರ್ಥಶಾಸ್ತ್ರಜ್ಞರು ಹಲವರು ಇನ್ನೊಂದು ಹಾದಿ ಹಿಡಿಯುತ್ತಾರೆ: ಇರುವ ರೋಬೋಟ್‌ಗಳಲ್ಲಿ ಪ್ರತಿವರ್ಷ ಶೇ 10ರಷ್ಟು ಸವೆದುಹೋಗುತ್ತವೆ ಎಂದು ಹಿಡಿದು, ಹೊಸದನ್ನು ಕೂಡಿಸುತ್ತ ಹೋಗುವುದು. ಗೈ ಮೈಕಲ್ಸ್ ಮತ್ತು ಜಾರ್ಜ್ ಗ್ರೇಟ್ಸ್ 2018ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ಈ ಬಗೆಯದು.

ಊಹೆ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ? ಒಂದು ಕಾಲ್ಪನಿಕ ರಾಜ್ಯ ಪ್ರತಿವರ್ಷ ತಪ್ಪದೆ 1,000 ರೋಬೋಟ್ ಕೊಳ್ಳುತ್ತದೆ ಎಂದುಕೊಳ್ಳೋಣ. 12 ವರ್ಷದ ಆಯಸ್ಸಿನಲ್ಲಿ ಕೆಲಸದಲ್ಲಿರುವವು 12,000. ಆಯಸ್ಸು 15 ವರ್ಷವಾದರೆ 15,000. ಶೇ 10ರ ಸವಕಳಿಯ ವಿಧಾನದಲ್ಲಿ ಬಹುಕಾಲದ ನಂತರ ಸಂಖ್ಯೆ 10,000ದಲ್ಲಿ ನಿಲ್ಲುತ್ತದೆ, ಏಕೆಂದರೆ 10,000ದ ಶೇ 10 ಎಂದರೆ ಸವೆಯುವ 1,000, ಅಷ್ಟೇ ಹೊಸದಾಗಿ ಸೇರುವ 1,000. ಕೊಂಡದ್ದು ಒಂದೇ ಬಗೆ. ಅಂದಾಜು ಮಾತ್ರ 10,000ದಿಂದ 15,000ದವರೆಗೆ ಹರಡಿಕೊಳ್ಳುತ್ತದೆ.

ಮಾರಾಟ ವೇಗವಾಗಿ ಏರುತ್ತಿರುವಾಗ ಈ ವ್ಯತ್ಯಾಸ ಕುಗ್ಗುತ್ತದೆ. 2021ರಿಂದ 2024ರವರೆಗೆ ಜಗತ್ತಿನಲ್ಲಿ ಪ್ರತಿವರ್ಷ 5 ಲಕ್ಷಕ್ಕೂ ಹೆಚ್ಚು ಔದ್ಯಮಿಕ ರೋಬೋಟ್‌ಗಳು ಅಳವಟ್ಟಿವೆ. ಒಟ್ಟು ಸಂಖ್ಯೆಯ ದೊಡ್ಡ ಪಾಲು ಎಳೆಯ ಯಂತ್ರಗಳದೇ ಆಗಿರುವುದರಿಂದ ಹಳೆಯವನ್ನು ಯಾವಾಗ ಕೈಬಿಟ್ಟರೂ ಮೊತ್ತ ಹೆಚ್ಚು ಅಲುಗುವುದಿಲ್ಲ. ಭಾರತದಂಥ ದೇಶದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಇಲ್ಲಿ ಯಂತ್ರವನ್ನು ದುರಸ್ತಿ ಮಾಡಿಕೊಂಡು ದೀರ್ಘಕಾಲ ದುಡಿಸುವ ರೂಢಿ ಬಲವಾಗಿದೆ. ದೊಡ್ಡ ಕಾರ್ಖಾನೆ ಬಿಟ್ಟ ತೋಳನ್ನು ಸಣ್ಣ ಘಟಕ ಕೊಂಡು ಹೊಸ ಕೆಲಸಕ್ಕೆ ಹಚ್ಚುತ್ತದೆ. ಆ ಮರುಮಾರಾಟ ಹೊಸ ಯಂತ್ರಗಳ ಅಂಕಿಯಲ್ಲಿ ಕಾಣಿಸುವುದಿಲ್ಲ.

ಕ್ರಮಸಂಖ್ಯೆಯಿಂದ ಅಂದಾಜು

ತಯಾರಕರು ಅಂಕಿ ಬಿಟ್ಟುಕೊಡದಿದ್ದಾಗ ನೆರವಿಗೆ ಬರುವ ಸೊಗಸಾದ ವಿಧಾನವೊಂದು ಸಂಖ್ಯಾಶಾಸ್ತ್ರದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ ಜರ್ಮನ್ ಟ್ಯಾಂಕ್‌ಗಳ ಭಾಗಗಳ ಮೇಲಿದ್ದ ಕ್ರಮಸಂಖ್ಯೆಗಳನ್ನು ಕಲೆಹಾಕಿ ಉತ್ಪಾದನೆಯನ್ನು ಅಂದಾಜು ಮಾಡಿದರು. 1942ರ ಆಗಸ್ಟ್ ತಿಂಗಳಿಗೆ ಅವರ ಅಂದಾಜು 327 ಟ್ಯಾಂಕ್‌ಗಳು. ಗೂಢಚಾರರ ವರದಿ 1,550 ಎಂದಿತ್ತು. ಯುದ್ಧ ಮುಗಿದ ಮೇಲೆ ಸಿಕ್ಕ ಜರ್ಮನ್ ದಾಖಲೆಯಲ್ಲಿದ್ದದ್ದು 342.

ಸೂತ್ರ ಹೀಗಿದೆ. ಕಂಡ ಸಂಖ್ಯೆಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕು, ಅದನ್ನು ನೋಡಿದ ಯಂತ್ರಗಳ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ಅದಕ್ಕೇ ಕೂಡಿಸಬೇಕು, ಒಂದನ್ನು ಕಳೆಯಬೇಕು. ಒಂದೇ ಮಾದರಿಯ ಐದು ರೋಬೋಟ್‌ಗಳ ಮೇಲೆ 14, 37, 52, 61, 90 ಎಂಬ ಸಂಖ್ಯೆಗಳು ಕಂಡವೆನ್ನೋಣ. ದೊಡ್ಡದು 90, 90ನ್ನು 5ರಿಂದ ಭಾಗಿಸಿದರೆ 18, 90ಕ್ಕೆ 18 ಕೂಡಿಸಿ 1 ಕಳೆದರೆ 107. ಆ ಮಾದರಿಯ ರೋಬೋಟ್‌ಗಳು ಸುಮಾರು 107 ಇವೆ. ಸಂಖ್ಯೆಗಳು ಒಂದರಿಂದ ಶುರುವಾಗಿ ಬಿಡುವಿಲ್ಲದೆ ಸಾಗಿರಬೇಕು, ಕಂಡ ಯಂತ್ರಗಳು ಯಾದೃಚ್ಛಿಕವಾಗಿ ಕಂಡಿರಬೇಕು ಎಂಬ ಎರಡು ಷರತ್ತುಗಳು ಇದಕ್ಕುಂಟು. ಒಂದೇ ಕಾರ್ಖಾನೆಗೆ ಒಂದೇ ಸಲ ಬಂದ ಐದು ಯಂತ್ರಗಳ ಸಂಖ್ಯೆಗಳು ಒತ್ತೊತ್ತಾಗಿರುವುದರಿಂದ ಅಲ್ಲಿ ಈ ಸೂತ್ರ ದಾರಿ ತಪ್ಪಿಸುತ್ತದೆ.

ಕೆಲವು ವರ್ಗಗಳಲ್ಲಿ ಅಂದಾಜಿನ ಅಗತ್ಯವೇ ಬೀಳುವುದಿಲ್ಲ. ‘ಡಾವಿಂಚಿ’ ಶಸ್ತ್ರಚಿಕಿತ್ಸಾ ವ್ಯವಸ್ಥೆಯ ತಯಾರಕರು ಜಗತ್ತಿನ ಆಸ್ಪತ್ರೆಗಳಲ್ಲಿರುವ ತಮ್ಮ ಯಂತ್ರಗಳ ಸಂಖ್ಯೆಯನ್ನು ನಿಯತವಾಗಿ ಪ್ರಕಟಿಸುತ್ತಾರೆ. 2024ರ ಕೊನೆಗೆ ಅದು ಸುಮಾರು 9,900. ಪ್ರತಿ ಯಂತ್ರದ ನಿರ್ವಹಣೆಯೂ ಅವರ ಕೈಯಲ್ಲೇ ಇರುವುದರಿಂದ ಲೆಕ್ಕ ಖಚಿತ. ಆದರೆ ಆ ಯಂತ್ರದ ತೋಳುಗಳನ್ನು ಆಡಿಸುವುದು ಶಸ್ತ್ರಚಿಕಿತ್ಸಕರ ಕೈಗಳೇ. ಹೀಗಿದ್ದೂ ಅದನ್ನು ವೈದ್ಯಕೀಯ ರೋಬೋಟ್ ಎಂದು ಎಣಿಸುವುದು ರೂಢಿ.

ಭಾರತ ಮತ್ತು ಕರ್ನಾಟಕ

2024ರಲ್ಲಿ ಜಗತ್ತಿನಲ್ಲಿ ಅಳವಟ್ಟ ಹೊಸ ಔದ್ಯಮಿಕ ರೋಬೋಟ್‌ಗಳು ಸುಮಾರು 5.42 ಲಕ್ಷ. ಅದರಲ್ಲಿ ಚೀನಾ ಒಂದರ ಪಾಲು 2.95 ಲಕ್ಷ, ಅರ್ಧಕ್ಕಿಂತ ಹೆಚ್ಚು. ಭಾರತದಲ್ಲಿ 2023ರಲ್ಲಿ 8,510, 2024ರಲ್ಲಿ ಸುಮಾರು 9,100 ಹೊಸ ರೋಬೋಟ್‌ಗಳು ಬಂದವು. ದೇಶಗಳ ಸಾಲಿನಲ್ಲಿ ಇದು ಆರನೆಯ ಸ್ಥಾನ. ಜಗತ್ತಿನ ಒಟ್ಟಿನಲ್ಲಿ ಶೇ 2ಕ್ಕಿಂತ ಕಡಿಮೆ.

ರೋಬೋಟ್ ತಯಾರಿ ಮತ್ತು ಸಂಶೋಧನೆಯಲ್ಲಿ ಕರ್ನಾಟಕದ ಹೆಸರು ದೊಡ್ಡದು. ರಕ್ಷಣಾ ಸಂಶೋಧನೆಯ ಭಾಗವಾದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ 1986ರಲ್ಲೇ ಬೆಂಗಳೂರಿನಲ್ಲಿ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಆರ್ಟ್‌ಪಾರ್ಕ್ ಇದೆ. ದೇಶೀಯ ಔದ್ಯಮಿಕ ತೋಳುಗಳನ್ನು ವಿನ್ಯಾಸಗೊಳಿಸಿದ ಸಿಸ್ಟಮ್ಯಾಂಟಿಕ್ಸ್ ಬೆಂಗಳೂರಿನದು. ಜಪಾನಿನ ಫಾನುಕ್ ಕಂಪನಿಯ ಭಾರತದ ಕೇಂದ್ರ ಕಚೇರಿಯೂ ಅಲ್ಲೇ. 2017ರಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ಪ್ರಧಾನಿಯನ್ನು ಸ್ವಾಗತಿಸಿದ ‘ಮಿತ್ರ’ ಬೆಂಗಳೂರಿನ ಇನ್ವೆಂಟೋ ಕಂಪನಿಯ ಕೃತಿ. ಗಗನಯಾನಕ್ಕಾಗಿ ಇಸ್ರೋ ರೂಪಿಸಿದ, ಕಾಲುಗಳಿಲ್ಲದ ಅರೆಮಾನವ ರೋಬೋಟ್ ‘ವ್ಯೋಮಮಿತ್ರ’ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಜನರೆದುರು ಬಂತು. 2023ರ ಆಗಸ್ಟ್‌ನಲ್ಲಿ ಚಂದ್ರನ ನೆಲದ ಮೇಲೆ ಓಡಿದ ಆರು ಚಕ್ರಗಳ, 26 ಕಿಲೋ ತೂಕದ ‘ಪ್ರಜ್ಞಾನ್’ ಐಎಸ್‌ಒ ವ್ಯಾಖ್ಯೆಗೆ ಸಂಪೂರ್ಣ ಒಪ್ಪುವ ರೋಬೋಟ್. ಅದು ಈಗಲೂ ಚಂದ್ರನ ಮೇಲಿದೆ, ಆದರೆ ನಿದ್ರೆಯಿಂದ ಏಳಲಿಲ್ಲ. ‘ಇರುವುದು’ ಮತ್ತು ‘ಕೆಲಸದಲ್ಲಿರುವುದು’ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ಈ ಹೆಸರುಗಳೆಲ್ಲ ಸುದ್ದಿಯಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಚಿಕ್ಕವು. ಸಂಖ್ಯೆ ಇರುವುದು ಬಿಡದಿಯಂಥ ಕಡೆ ಕಾರಿನ ಕವಚ ಬೆಸೆಯುವ ಅಂಗಣಗಳಲ್ಲಿ. ಜಿಲ್ಲಾವಾರು ಲೆಕ್ಕ ಕಷ್ಟವಾಗುವುದಕ್ಕೆ ಕಾರಣವೂ ಇಲ್ಲೇ ಇದೆ: ಮಾರಾಟದ ಬಿಲ್ಲು ಕಂಪನಿಯ ಕೇಂದ್ರ ಕಚೇರಿಯ ವಿಳಾಸಕ್ಕೆ ಹೋಗುತ್ತದೆ, ಯಂತ್ರ ನೂರಾರು ಕಿಲೋಮೀಟರ್ ಆಚೆ ನಿಲ್ಲುತ್ತದೆ.

ಎರಡು ಜಿಲ್ಲೆಗಳ ಗಣತಿ ಮಾಡುವುದಾದರೆ

ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿದೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿವೆ. ಈ ಸೀಮೆಯ ರೋಬೋಟ್‌ಗಳನ್ನು ಎಣಿಸಲು ಎರಡೂ ಜಿಲ್ಲೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬೇಕು. ಕಾರ್ಖಾನೆಗಳ ಇಲಾಖೆಯಲ್ಲಿ ನೋಂದಾಯಿತ ಘಟಕಗಳ ಪಟ್ಟಿಯಿದೆ; ಅದೇ ಗಣತಿಯ ತಳಹದಿ. ಪಟ್ಟಿಯನ್ನು ಗಾತ್ರದ ಪ್ರಕಾರ ಪದರಗಳಾಗಿ ವಿಂಗಡಿಸಬೇಕು. ಉಕ್ಕಿನ ಕಾರ್ಖಾನೆಯಂಥ ಬೃಹತ್ ಘಟಕಗಳಿಗೆ ತಪ್ಪದೆ ಭೇಟಿ ಕೊಡಬೇಕು, ಏಕೆಂದರೆ ಒಂದು ಬೃಹತ್ ಘಟಕ ಬಿಟ್ಟುಹೋದರೆ ನೂರು ಸಣ್ಣವನ್ನು ಎಣಿಸಿದರೂ ಕೊರತೆ ತುಂಬದು. ಕರಗಿದ ಲೋಹದ ಉಷ್ಣತೆ ಅಳೆಯುವುದು, ಮಾದರಿ ತೆಗೆಯುವುದು, ಉಕ್ಕಿನ ಸುರುಳಿಗೆ ಗುರುತು ಹಚ್ಚುವುದು ಮುಂತಾದ ಅಪಾಯದ ಕೆಲಸಗಳಿಗೆ ಜಗತ್ತಿನ ಹಲವು ಉಕ್ಕು ಕಾರ್ಖಾನೆಗಳು ರೋಬೋಟ್ ತೋಳುಗಳನ್ನು ಬಳಸುತ್ತವೆ. ಅಕ್ಕಿ ಗಿರಣಿ, ಬಿಡಿಭಾಗಗಳ ಘಟಕ ಮುಂತಾದ ಸಣ್ಣವುಗಳಲ್ಲಿ ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ, ಸಿಕ್ಕ ಸರಾಸರಿಯನ್ನು ಇಡೀ ಪದರಕ್ಕೆ ಹಿಗ್ಗಿಸಿದರೆ ಸಾಕು.

ಪ್ರಶ್ನಾವಳಿಯಲ್ಲಿ “ನಿಮ್ಮಲ್ಲಿ ರೋಬೋಟ್ ಇದೆಯೇ” ಎಂದು ಕೇಳಬಾರದು. ಸಾರ್ಟೆಕ್ಸ್ ಇರುವವರು ಹೌದೆನ್ನುತ್ತಾರೆ. ಗಾಡಿಗೆ ತೋಳು ಕೂರಿಸಿಕೊಂಡವರು ಅದನ್ನು ಬರೀ ಯಂತ್ರ ಎನ್ನುತ್ತಾರೆ. ಎಷ್ಟು ಅಕ್ಷಗಳಿವೆ, ಕ್ರಮವಿಧಿ ಬದಲಿಸಬಹುದೇ, ಯಾವ ವರ್ಷ ಬಂತು, ಹೊಸದೋ ಹಳೆಯದೋ, ಕಳೆದ ವರ್ಷ ಎಷ್ಟು ದಿನ ಓಡಿತು ಎಂದು ಕೇಳಿ, ರೋಬೋಟ್ ಹೌದೋ ಅಲ್ಲವೋ ಎಂಬ ತೀರ್ಮಾನವನ್ನು ಗಣತಿದಾರರೇ ಮಾಡಬೇಕು.

ಅಂಕಿಯ ಉಪಯೋಗ

ರೋಬೋಟ್‌ಗಳ ಸಂಖ್ಯೆಯನ್ನು ದೇಶದೇಶಗಳ ನಡುವೆ ಹೋಲಿಸಲು ‘ರೋಬೋಟ್ ಸಾಂದ್ರತೆ’ ಎಂಬ ಅಳತೆ ಬಳಕೆಯಲ್ಲಿದೆ: ತಯಾರಿಕಾ ವಲಯದ ಪ್ರತಿ 10,000 ನೌಕರರಿಗೆ ಎಷ್ಟು ಔದ್ಯಮಿಕ ರೋಬೋಟ್‌ಗಳು. 2023ರಲ್ಲಿ ಜಗತ್ತಿನ ಸರಾಸರಿ 162. ದಕ್ಷಿಣ ಕೊರಿಯಾದಲ್ಲಿ 1,012. ಭಾರತದ ಮಟ್ಟಿಗೆ ಈ ಅಳತೆಯನ್ನು ಎಚ್ಚರದಿಂದ ಓದಬೇಕು. ಇಲ್ಲಿ ತಯಾರಿಕೆಯಲ್ಲಿ ದುಡಿಯುವವರ ದೊಡ್ಡ ಪಾಲು ನೋಂದಣಿಯಿಲ್ಲದ ಸಣ್ಣ ಘಟಕಗಳಲ್ಲಿದೆ. ಅವರನ್ನು ಭಾಜಕದಲ್ಲಿ ಸೇರಿಸಿದರೆ ಸಾಂದ್ರತೆ ಕುಸಿಯುತ್ತದೆ, ಬಿಟ್ಟರೆ ಏರುತ್ತದೆ. ಕಾರ್ಖಾನೆಯಲ್ಲಿ ಒಂದು ತೋಳೂ ಹೆಚ್ಚಿರುವುದಿಲ್ಲ.

ಸುರಕ್ಷತೆಗೂ ಗಣತಿ ಬೇಕು. ಔದ್ಯಮಿಕ ರೋಬೋಟ್ ಎಂದು ಗುರುತಿಸಿದ ಯಂತ್ರಕ್ಕೆ ಐಎಸ್‌ಒ 10218 ಮಾನಕದ ಬೇಲಿ, ತುರ್ತು ನಿಲುಗಡೆ, ವೇಗಮಿತಿಗಳ ನಿಯಮಗಳು ಅನ್ವಯಿಸುತ್ತವೆ. ವ್ಯಾಖ್ಯೆಯಿಂದ ಹೊರಗುಳಿದ ತೋಳಿನ ಪಕ್ಕದಲ್ಲಿ ನಿಂತ ಕಾರ್ಮಿಕನಿಗೆ ಆ ರಕ್ಷಣೆ ಸಿಗದೆ ಹೋಗಬಹುದು.

ಇನ್ನೊಂದು ಉಪಯೋಗ ತರಬೇತಿಯಲ್ಲಿದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳು ಮೇಲ್ದರ್ಜೆಗೇರಿದಾಗ ಔದ್ಯಮಿಕ ರೋಬಾಟಿಕ್ಸ್ ತಂತ್ರಜ್ಞರ ಕಲಿಕೆಯೂ ಸೇರಿಕೊಂಡಿತು. ಎಷ್ಟು ಮಂದಿ ತಂತ್ರಜ್ಞರು ಬೇಕೆಂಬುದು ಎಷ್ಟು ರೋಬೋಟ್‌ಗಳು ಓಡುತ್ತಿವೆ, ಅವುಗಳ ವಯಸ್ಸೆಷ್ಟು ಎಂಬುದರ ಮೇಲೆ ನಿಂತಿದೆ. ಇಲ್ಲಿ 12 ವರ್ಷದ ಸೂತ್ರವನ್ನು ಹಾಗೆಯೇ ಹಿಡಿದರೆ ತಪ್ಪಾಗುತ್ತದೆ. 13ನೆಯ ವರ್ಷಕ್ಕೆ ಕಾಲಿಟ್ಟ ತೋಳು ಅಂತರರಾಷ್ಟ್ರೀಯ ಅಂಕಿಯಿಂದ ಮರೆಯಾಗಿರುತ್ತದೆ. ಕಾರ್ಖಾನೆಯಲ್ಲಿ ಅದು ಇನ್ನೂ ಓಡುತ್ತಿದ್ದರೆ ಅದರ ಕೀಲುಗಳಿಗೆ ಗ್ರೀಸ್ ತುಂಬಬೇಕು, ಸವೆದ ಬೆಲ್ಟುಗಳನ್ನು ಬದಲಿಸಬೇಕು, ಸ್ಥಾನ ನೆನಪಿಡುವ ಬ್ಯಾಟರಿಯನ್ನು ಹೊಸದಾಗಿ ಹಾಕಬೇಕು. ಎಳೆಯ ಯಂತ್ರಕ್ಕಿಂತ ಹಳೆಯ ಯಂತ್ರವೇ ಹೆಚ್ಚು ಕೈಗಳನ್ನು ಬೇಡುತ್ತದೆ. ಆದ್ದರಿಂದ ತರಬೇತಿಗಾಗಿ ಮಾಡುವ ಗಣತಿಯಲ್ಲಿ ವಯಸ್ಸನ್ನು ನೋಡಿ ಯಂತ್ರವನ್ನು ಕೈಬಿಡುವಂತಿಲ್ಲ. ಅದು ನಿಂತಿದೆಯೋ ಓಡುತ್ತಿದೆಯೋ ಎಂದು ಅಂಗಣಕ್ಕೇ ಹೋಗಿ ನೋಡಿ ಬರೆದುಕೊಳ್ಳಬೇಕಾಗುತ್ತದೆ.